ಕತ್ತಲನ್ನು ಎಲ್ಲಿಡುವುದು? ದಿಲ್ಲಿ ಸೀಮೆಯ ಅಪರಾಧ ಚಿತ್ರಗಳ ಕಸುಬು



ದತ್ತಿ ಉಪನ್ಯಾಸವೆಂದರೆ ವಚನವೋ ದಾಸರ ಪದವೋ ನವ್ಯವೋ ಬಂಡಾಯವೋ ಒಂದನ್ನು ಎತ್ತಿಕೊಳ್ಳುವುದು ರೂಢಿ. ನಾನು ಕೊಲೆ, ಕಳವು, ಕಾರು ಸುಲಿಗೆಗಳನ್ನು ಎತ್ತಿಕೊಂಡಿದ್ದೇನೆ. ಫೋನಿನಲ್ಲಿ ವಿಷಯ ಹೇಳಿದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಸಿನಿಮಾ ತಾನೇ, ಪರವಾಗಿಲ್ಲ ಬಿಡಿ" ಅಂದರು. ಆ "ಪರವಾಗಿಲ್ಲ"ದ ಬಲದ ಮೇಲೆ ನಿಮ್ಮೆದುರು ನಿಂತಿದ್ದೇನೆ. ನಾನು ಸಿನಿಮಾ ತೆಗೆದವನಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ಅನುವಾದಿಸಿಕೊಂಡು, ಸಂಜೆಯಾದರೆ ಸಿರಿ ಫೋರ್ಟಿನಲ್ಲೋ ಹಳೆಯ ಚಾಣಕ್ಯ ಟಾಕೀಸಿನಲ್ಲೋ ಕೂತು ಮೂರು ದಶಕ ಕಳೆದವನು. ಅನುವಾದಕನ ಚಟ ಸಿನಿಮಾ ನೋಡುವಾಗಲೂ ಬಿಡುವುದಿಲ್ಲ. ಇದನ್ನು ಹೀಗೇಕೆ ಹೇಳಿದರು, ಬೇರೆ ಹೇಗೆ ಹೇಳಬಹುದಿತ್ತು ಎಂದು ತಲೆಯೊಳಗೆ ಹುಳ ಕೊರೆಯುತ್ತಲೇ ಇರುತ್ತದೆ.

ಅಪರಾಧ ಚಿತ್ರಗಳ ವಿಷಯದಲ್ಲಿ ಹಾಗೆ ಕೊರೆದದ್ದು ಒಂದೇ ಪ್ರಶ್ನೆ. ಈ ಜಾತಿಯ ಚಿತ್ರಕ್ಕೆ ಕತ್ತಲು ಬೇಕು. ಕಳ್ಳನಿಗೆ ಎಷ್ಟು ಬೇಕೋ ನಿರ್ದೇಶಕನಿಗೂ ಅಷ್ಟೇ ಬೇಕು. ಆದರೆ ಈ ಊರಲ್ಲಿ ಕತ್ತಲು ಎಲ್ಲಿದೆ? ಮಯೂರ ವಿಹಾರದ ನನ್ನ ಮನೆಯಿಂದ ರಾತ್ರಿ ಹನ್ನೆರಡಕ್ಕೆ ಹೊರಟು, ಡಿಎನ್‌ಡಿ ಸೇತುವೆ ದಾಟಿ, ರಿಂಗ್ ರೋಡು ಹಿಡಿದು, ಮಹಿಪಾಲಪುರದ ಹೋಟೆಲು ಸಾಲು ಹಾದು ಗುರುಗ್ರಾಮ ಮುಟ್ಟಿದರೆ, ದಾರಿಯುದ್ದಕ್ಕೂ ದೀಪ. ಮೊದಲು ಅರಿಸಿನ ಬಣ್ಣದ ಸೋಡಿಯಂ ದೀಪಗಳಿದ್ದವು, ಈಗ ಹಲ್ಲು ಕಿಸಿದಂಥ ಬಿಳಿ ಎಲ್‌ಇಡಿ. ಕಂಬಕ್ಕೊಂದು ಸಿಸಿಟಿವಿ, ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೊ, ಅದರ ಹೊಟ್ಟೆಯಲ್ಲೂ ಟ್ಯೂಬ್‌ಲೈಟು. ನೆರಳು ಬೀಳಲು ಜಾಗವೇ ಇಲ್ಲದ ಊರು. ಅಪರಾಧಕ್ಕೋ, ಬರವಿಲ್ಲ. ಹಾಗಾದರೆ ಇಲ್ಲಿ ಅಪರಾಧ ಚಿತ್ರ ತೆಗೆಯುವವರು ಕತ್ತಲನ್ನು ಎಲ್ಲಿಡುತ್ತಾರೆ?

ಇಂದಿನ ಮಾತು ಇದರ ಸುತ್ತಲೇ. ಅದಕ್ಕೆ ಮೊದಲು ಮೈಸೂರಿನ ಒಬ್ಬರನ್ನು ನೆನೆಯಬೇಕು.

2010ರ ಮಾರ್ಚ್ 19ರಂದು ದಿಲ್ಲಿಯ ವಿಜ್ಞಾನ ಭವನದಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು 56ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಕೊಟ್ಟರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ.ಕೆ. ಮೂರ್ತಿಯವರಿಗೆ ಸಂದಿತು. ಫಾಲ್ಕೆ ಪಡೆದ ಮೊದಲ ಛಾಯಾಗ್ರಾಹಕರು ಅವರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪಿಟೀಲು ಕಲಿತು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಮೆರಾ ಓದಿ, ಮುಂಬಯಿಗೆ ಹೋದವರು. ಅದೇ ಸಾಲಿನ ಅತ್ಯುತ್ತಮ ಜನಪ್ರಿಯ ಚಿತ್ರದ ಪ್ರಶಸ್ತಿ ಯಾವುದಕ್ಕೆ ಬಂತು ಗೊತ್ತೇ? ದಿಬಾಕರ್ ಬ್ಯಾನರ್ಜಿಯವರ 'ಓಯ್ ಲಕ್ಕಿ! ಲಕ್ಕಿ ಓಯ್!'ಗೆ. ದಿಲ್ಲಿಯ ಕಳ್ಳನೊಬ್ಬನ ಕಥೆ. ಹಿಂದಿ ಅಪರಾಧ ಚಿತ್ರಕ್ಕೆ ನೆರಳು ಬೀಳಿಸುವುದನ್ನು ಕಲಿಸಿದವರೂ, ನೆರಳೇ ಬೇಡವೆಂದು ಹಾಡುಹಗಲಿನಲ್ಲಿ ಕಳ್ಳನನ್ನು ಅಡ್ಡಾಡಿಸಿದವರೂ ಒಂದೇ ಪಟ್ಟಿಯಲ್ಲಿ ಸೇರಿದ್ದರು. ಯಾವ ಪತ್ರಿಕೆಯೂ ಇವೆರಡನ್ನು ಜೋಡಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೂರ್ತಿಯವರ ಕಸುಬಿನ ಗುಟ್ಟು ಹೇಳಲು ಸುಲಭ, ಮಾಡಲು ಕಷ್ಟ. ಸ್ಟುಡಿಯೋದಲ್ಲಿ ಒಂದು ಮುಖಕ್ಕೆ ಸಾಮಾನ್ಯವಾಗಿ ಮೂರು ದೀಪ. ಒಂದು ಮುಖ್ಯ ದೀಪ, ಇನ್ನೊಂದು ಅದು ಬೀಳಿಸಿದ ನೆರಳನ್ನು ಅಳಿಸುವ ತುಂಬು ದೀಪ, ಮೂರನೆಯದು ತಲೆಗೂದಲಿಗೆ ಅಂಚು ಕಟ್ಟುವ ಹಿಂದೀಪ. ಅಪರಾಧ ಚಿತ್ರದವನು ಮಾಡುವುದಿಷ್ಟೇ, ಎರಡನೆಯದನ್ನು ಆರಿಸಿಬಿಡುತ್ತಾನೆ. ಅರ್ಧ ಮುಖ ಕಾಣೆಯಾಗುತ್ತದೆ, ಆ ಅರ್ಧದಲ್ಲಿ ಏನಿದೆಯೋ ಎಂದು ನಾವು ಕುತ್ತಿಗೆ ಚಾಚುತ್ತೇವೆ. ಜರ್ಮನಿಯಿಂದ ಹಾಲಿವುಡ್ಡಿಗೆ ಓಡಿಬಂದವರು ಇದನ್ನು ವಿದ್ಯೆಯನ್ನಾಗಿ ಮಾಡಿದರು. ನಲವತ್ತರ ದಶಕದ 'ನೂಆರ್' ಚಿತ್ರಗಳೆಲ್ಲ ಆರಿಸಿದ ಆ ಒಂದು ದೀಪದ ಮಕ್ಕಳು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1951ರಲ್ಲಿ 'ಬಾಜಿ' ತೆಗೆಯುವಾಗ ಕ್ಯಾಮೆರಾಮನ್ ವಿ. ರಾತ್ರಾ, ಮೂರ್ತಿ ಅವರ ಕೈಕೆಳಗಿನ ಸಹಾಯಕ. ಜೂಜುಕಟ್ಟೆಯ ಹಾಡೊಂದರಲ್ಲಿ ಕನ್ನಡಿಯೊಳಗಿನ ಬಿಂಬದಿಂದ ಶುರುವಾಗಿ ನಾಯಕನೊಂದಿಗೆ ಸರಿದು ಬರುವ ಕಷ್ಟದ ಶಾಟ್ ಒಂದನ್ನು ಈ ಸಹಾಯಕ ಸೂಚಿಸಿದ. ಮಾಡಲೂ ಅವನೇ ನಿಂತ. ಮುಂದಿನ ಚಿತ್ರದಿಂದ ನೀನೇ ನನ್ನ ಕ್ಯಾಮೆರಾಮನ್ ಎಂದರು ಗುರುದತ್. 'ಜಾಲ್' (1952), 'ಸಿಐಡಿ' (1956) ಬಂದವು. ಒಂದೇ ಒಂದು ಕನ್ನಡಿ! ಅದನ್ನಿಟ್ಟರೆ ಇರುವ ಮನುಷ್ಯ ಇಬ್ಬರಾಗುತ್ತಾನೆ. ಅವರಲ್ಲಿ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ.

ಆದರೆ ಆ ವಿದ್ಯೆಗೆ ಕಪ್ಪು ಬಿಳುಪು ಬೇಕು, ಸ್ಟುಡಿಯೋ ಬೇಕು, ಕತ್ತಲಾಗುವ ಊರು ಬೇಕು. ದಿಲ್ಲಿಯಲ್ಲಿ ಈ ಮೂರೂ ಇಲ್ಲ. ಇಲ್ಲಿಯವರು ಬೇರೆ ದಾರಿ ಹುಡುಕಬೇಕಾಯಿತು.

ಮೊದಲು ದಿಬಾಕರ್. ಅವರ ಲಕ್ಕಿ ಗೋಡೆ ಹಾರುವುದಿಲ್ಲ. ಬಾಗಿಲಿಂದಲೇ ಒಳಹೋಗುತ್ತಾನೆ, ನಗುತ್ತ ಬಾಗಿಲಿಂದಲೇ ಹೊರಬರುತ್ತಾನೆ. ಅಷ್ಟರಲ್ಲಿ ಟಿವಿ ಅವನದಾಗಿರುತ್ತದೆ. ಬೆಳಕನ್ನು ಅವನು ಬಳಸುವುದೇ ಹೀಗೆ. ಇಷ್ಟು ಬೆಳಕಿನಲ್ಲಿ ಕದಿಯುವವನು ಕಳ್ಳನಿರಲಾರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಚಿತ್ರದಲ್ಲಿ ನನಗೆ ಪಾತ್ರ ಹಂಚಿಕೆಯೇ ದೊಡ್ಡ ತಂತ್ರವಾಗಿ ಕಂಡಿತು. ಲಕ್ಕಿಯ ಅಪ್ಪ, ಕದ್ದ ಮಾಲು ಕೊಳ್ಳುವ ಗೋಗಿ ಭಾಯ್, ಆಮೇಲೆ ಸಿಗುವ ಸಭ್ಯಸ್ಥ ಡಾಕ್ಟರು, ಮೂವರೂ ಒಬ್ಬರೇ, ಪರೇಶ್ ರಾವಲ್. ಮೇಕಪ್ಪು ಮುಚ್ಚಿಡುವ ಪ್ರಯತ್ನ ಮಾಡುವುದಿಲ್ಲ. ಗುರುತು ಸಿಕ್ಕೇ ಸಿಗುತ್ತದೆ. ಒಂದು ಸಂಭಾಷಣೆಯ ಖರ್ಚಿಲ್ಲದೆ ಈ ಹುಡುಗನಿಗೆ ಎಲ್ಲಿ ಹೋದರೂ ಅದೇ ಅಪ್ಪ ಎಂಬುದು ತಿಳಿದುಬಿಡುತ್ತದೆ. ನಮ್ಮ ಬಯಲಾಟದಲ್ಲಿ ಒಬ್ಬನೇ ಎರಡು ವೇಷ ಕಟ್ಟುವುದು ಜನ ಸಾಲದೆ. ಇಲ್ಲಿ ಅದು ಅರ್ಥಕ್ಕಾಗಿ.

ಹೆದ್ದಾರಿಯ ಚಿತ್ರಗಳನ್ನು ಬೇಗ ದಾಟಿಬಿಡುತ್ತೇನೆ. ನವದೀಪ್ ಸಿಂಗರ 'ಎನ್‌ಎಚ್10' (2015) ಶುರುವಾಗುವುದು ರಾತ್ರಿಯ ಗುರುಗ್ರಾಮದ ದೀಪಗಳಿಂದ. ಕಾರಿನೊಳಗೆ ಗಂಡಹೆಂಡಿರ ಹರಟೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಗಾಜಿನಾಚೆ ಗೋಪುರಗಳು ಜಾರುತ್ತವೆ. ಕಾರೆಂದರೆ ಗಾಜಿನ ಕೋಟೆ ಎಂಬ ನಗರದವರ ನಂಬಿಕೆಯನ್ನು ಮೊದಲ ನಿಮಿಷದಲ್ಲೇ ಕಟ್ಟಿ, ಉಳಿದ ಚಿತ್ರವೆಲ್ಲ ಆ ಗಾಜು ಒಡೆಯುವ ಕೆಲಸ. ಚಿತ್ರದ ಹೆಸರಾಗಿರುವ ಆ ಹೆದ್ದಾರಿಗೆ, ದಿಲ್ಲಿಯಿಂದ ರೋಹತಕ್, ಹಿಸಾರ್ ಕಡೆಗೆ ಹೋಗುವುದಕ್ಕೆ, ಈಗ 9ನೆಯ ನಂಬರು. ರಸ್ತೆ ಹೆಸರು ಬದಲಿಸಿಕೊಂಡು ತಲೆಮರೆಸಿಕೊಂಡಿದೆ ಎಂದು ನನ್ನ ಗೆಳೆಯರೊಬ್ಬರ ನಗೆಚಾಟಿಕೆ. ಶಂಕರ್ ರಾಮನ್ನರ 'ಗುಡ್‌ಗಾಂವ್' (2017) ಎಲ್ಲರಿಗಿಂತ ಹೆಚ್ಚು ಕತ್ತಲಿನದು. ಸ್ವತಃ ಛಾಯಾಗ್ರಾಹಕರಾಗಿದ್ದವರು ನಿರ್ದೇಶಿಸಿದ್ದು, ಪಂಕಜ್ ತ್ರಿಪಾಠಿ ಭೂಮಿ ವ್ಯವಹಾರದ ದೊರೆ. ನನಗೆ ಆ ಕತ್ತಲು ತುಸು ಎರವಲು ತಂದದ್ದೆನಿಸಿತು; ಗುರುಗ್ರಾಮದ ನಿಜವಾದ ಭಯ ಅದರ ಬೆಳಕಿನಲ್ಲಿದೆ. 'ಪಾತಾಳ ಲೋಕ' (2020) ಸರಣಿ ಯಮುನೆಯ ಸೇತುವೆಯ ಮೇಲೆ ಆರೋಪಿಗಳ ಕಾರನ್ನು ಅಡ್ಡಗಟ್ಟಿಸುತ್ತದೆ. ಯಮುನೆಯಾಚೆಯ ಜಮುನಾಪಾರ್ ಠಾಣೆಯ ಇನ್‌ಸ್ಪೆಕ್ಟರ್ ಹಾಥಿರಾಮ್ ದಿಲ್ಲಿಯನ್ನು ಸ್ವರ್ಗ, ಭೂಮಿ, ಪಾತಾಳವೆಂದು ಮೂರು ಹೋಳು ಮಾಡಿ ಹೇಳುತ್ತಾನೆ. ಮಯೂರ ವಿಹಾರವೂ ಯಮುನೆಯಾಚೆಯೇ, ನಾನು ಆ ಪಾತಾಳದ ನಿವಾಸಿ. ಬಾಡಿಗೆ ಕಡಿಮೆ, ತರಕಾರಿ ಚೆನ್ನಾಗಿ ಸಿಗುತ್ತದೆ.

ಈಗ ನಾನು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದೆ. ನೋಯ್ಡಾ, 2008ರ ಮೇ. ಒಂದು ಫ್ಲ್ಯಾಟು, ಮನೆಮಗಳದೂ ಸೇರಿ ಎರಡು ಹೆಣ, ಒಳಗಿದ್ದ ತಂದೆತಾಯಿ. ಪ್ರಕರಣ ನಿಮಗೆಲ್ಲ ಗೊತ್ತು, ಹೆಸರುಗಳನ್ನು ನಾನು ಎತ್ತುವುದಿಲ್ಲ. 2013ರ ನವೆಂಬರಿನಲ್ಲಿ ಗಾಜಿಯಾಬಾದಿನ ನ್ಯಾಯಾಲಯ ತಂದೆತಾಯಿಗೆ ಜೀವಾವಧಿ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಬಿಡುಗಡೆ ಮಾಡಿತು. ಈ ಎರಡರ ನಡುವೆ, 2015ರಲ್ಲಿ, ಮೇಘನಾ ಗುಲ್ಜಾರ್ 'ತಲ್ವಾರ್' ತೆಗೆದರು. ಬರೆದವರು ವಿಶಾಲ್ ಭಾರದ್ವಾಜ್, ಕ್ಯಾಮೆರಾ ಪಂಕಜ್ ಕುಮಾರ್, ಸಂಕಲನ ಶ್ರೀಕರ್ ಪ್ರಸಾದ್.

ಅನುವಾದಕನಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ "ಕೊಂದ" ಎನ್ನಬಹುದು, "ಕೊಂದನಂತೆ" ಎಂದೂ ಎನ್ನಬಹುದು. ಆ "ಅಂತೆ" ಎಂಬ ಎರಡಕ್ಷರ ಹೇಳುವವನ ಹೊಣೆಯನ್ನೆಲ್ಲ ಇಳಿಸಿಬಿಡುತ್ತದೆ. ನಾನು ಕಂಡಿಲ್ಲ, ಕೇಳಿದ್ದು. ಕಚೇರಿಯಲ್ಲಿ ಇಂಗ್ಲಿಷ್ ಕಡತಗಳ ಮಾರುದ್ದದ ಕಾನೂನು ನುಡಿಗಟ್ಟನ್ನು ನಾನೊಮ್ಮೆ ಬರೀ ಒಂದು "ಅಂತೆ"ಯಲ್ಲಿ ಮುಗಿಸಿದ್ದೆ. ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕಳಿಸಿದರು, ಸರ್ಕಾರ "ಅಂತೆ" ಅನ್ನಬಾರದಂತೆ! ಕ್ಯಾಮೆರಾದ ಕಷ್ಟವೂ ಅದೇ. ಅದಕ್ಕೆ "ಅಂತೆ" ಬರುವುದಿಲ್ಲ. ಯಾರೋ ಹೇಳಿದ್ದನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ತೋರಿಸಿದಿರೋ, ಅದು ನಡೆದೇಹೋಯಿತು. ನೋಡುಗನ ಕಣ್ಣಿಗೆ ಅದು "ಕೊಂದ"ವೇ. ಹಿಚ್‌ಕಾಕ್ 1950ರ 'ಸ್ಟೇಜ್ ಫ್ರೈಟ್'ನಲ್ಲಿ ಸುಳ್ಳು ಫ್ಲ್ಯಾಶ್‌ಬ್ಯಾಕ್ ತೋರಿಸಿ ಜನರ ಬೈಗುಳ ತಿಂದರು. ಅದೇ ವರ್ಷ ಕುರೊಸಾವಾ 'ರಾಶೊಮಾನ್'ನಲ್ಲಿ ಒಂದೇ ಕೊಲೆಯನ್ನು ನಾಲ್ಕು ಬಾಯಲ್ಲಿ ಹೇಳಿಸಿ ಅಮರರಾದರು. ಒಂದೇ ಸುಳ್ಳಾದರೆ ಮೋಸ. ನಾಲ್ಕಾದರೆ "ಅಂತೆ" ಹುಟ್ಟುತ್ತದೆ.

'ತಲ್ವಾರ್' ಮಾಡಿದ್ದು ಇದನ್ನೇ, ದಿಲ್ಲಿಯ ರೀತಿಯಲ್ಲಿ. ರಾಶೊಮಾನಿನಲ್ಲಿ ಹೇಳುವವರು ಮನುಷ್ಯರು, ತಂತಮ್ಮ ಮಾನ ಉಳಿಸಿಕೊಳ್ಳಲು ಹೇಳುತ್ತಾರೆ. ಇಲ್ಲಿ ಹೇಳುವುದು ಇಲಾಖೆಯ ಕಡತಗಳು. ಮೊದಲು ಸ್ಥಳೀಯ ಪೊಲೀಸರ ಕಡತ, ಆಮೇಲೆ ಕೇಂದ್ರ ತನಿಖಾ ದಳದ್ದು, ಆಮೇಲೆ ಅದೇ ದಳದ ಎರಡನೆಯ ತಂಡದ್ದು. ಅದೇ ಫ್ಲ್ಯಾಟು, ಅದೇ ಹಾಸಿಗೆ, ಅದೇ ಬಾಗಿಲು, ಅದೇ ರಾತ್ರಿ ಮತ್ತೆ ಮತ್ತೆ. ಕೊಂಕಣಾ ಸೇನ್ ಶರ್ಮಾ, ನೀರಜ್ ಕಾಬಿ ಪ್ರತಿ ಸಲವೂ ಅದೇ ತಂದೆತಾಯಿ, ಆದರೆ ಅಭಿನಯದ ಶ್ರುತಿ ಬೇರೆ. ಪೊಲೀಸರ ಊಹೆಯಲ್ಲಿ ಅವರು ಅಗ್ಗದ ಪತ್ತೇದಾರಿ ಕಾದಂಬರಿಯ ಜನ, ಮಾತೂ ಕಣ್ಣೂ ಒರಟು. ಇನ್ನೊಂದು ಊಹೆಯಲ್ಲಿ ಪಕ್ಕದ ಮನೆಯವರು. ಬೆಳಕಲ್ಲೋ ಕೋನದಲ್ಲೋ ದೊಡ್ಡ ಗಾರುಡಿ ಇಲ್ಲ. ನಟರ ಮೈಯಲ್ಲೇ ಆ "ಅಂತೆ" ಕೂತಿದೆ. ಕೊನೆಗೆ ಎರಡು ತಂಡಗಳು ಮೇಜಿನ ಸುತ್ತ ಕೂತು ವಾದಿಸುವ ದೃಶ್ಯದಲ್ಲಿ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ನೆರಳು ಗೋಡೆಯ ಮೇಲಿಲ್ಲ, ಕಡತಗಳ ನಡುವೆ ಇದೆ.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಆ ಪ್ರಕರಣದಲ್ಲಿ ಸಂಶಯಕ್ಕೊಳಗಾದ ಸಹಾಯಕನೊಬ್ಬನಿಗೆ ಮಂಪರು ಪರೀಕ್ಷೆ ನಡೆದದ್ದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಮಂಪರು ಪರೀಕ್ಷೆ ಎಂದರೇನು? ಪೊಲೀಸರ ಫ್ಲ್ಯಾಶ್‌ಬ್ಯಾಕು. ಮದ್ದು ಚುಚ್ಚಿ, ಕಣ್ಣು ಮುಚ್ಚಿಸಿ, ಹೇಳು ಏನಾಯಿತು ಎಂದು ಕೇಳುವುದು. 2010ರ ಮೇ 5ರಂದು ಸುಪ್ರೀಂ ಕೋರ್ಟು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಸಲ್ಲದು ಎಂದಿತು. ಸಿನಿಮಾದವರು ಆ ತೀರ್ಪನ್ನು ಇನ್ನೂ ಓದಿದಂತಿಲ್ಲ. 2024ರ 'ಸೆಕ್ಟರ್ 36' ನೋಡಿ. ನೋಯ್ಡಾದ ನಿಠಾರಿಯ ಸರಣಿ ಕೊಲೆಗಳಿಂದ ಪ್ರೇರಿತವಾದದ್ದು. ವಿಕ್ರಾಂತ್ ಮಾಸ್ಸೆ ಪೊಲೀಸಿನವನೆದುರು ಕೂತು ದೀರ್ಘವಾಗಿ ಒಪ್ಪಿಕೊಳ್ಳುವ ದೃಶ್ಯ ಅದರ ನಡುಗಂಬ. ಅಭಿನಯ ಮೈ ನಡುಗಿಸುವಂಥದ್ದು, ಒಪ್ಪುತ್ತೇನೆ. ಆದರೆ 2023ರ ಅಕ್ಟೋಬರಿನಲ್ಲೇ ಅಲಹಾಬಾದ್ ಹೈಕೋರ್ಟು ಆ ಸರಣಿಯ ಹಲವು ಪ್ರಕರಣಗಳಲ್ಲಿ ಇಬ್ಬರು ಆರೋಪಿಗಳನ್ನೂ ಖುಲಾಸೆ ಮಾಡಿತ್ತು, ತಪ್ಪೊಪ್ಪಿಗೆಯನ್ನು ನಂಬಲಾಗದೆಂದಿತ್ತು. ಕೋರ್ಟು "ಅಂತೆ" ಎಂದು ಬಿಟ್ಟಿದ್ದನ್ನು ಕ್ಯಾಮೆರಾ "ಹೌದು" ಮಾಡಿಬಿಟ್ಟಿತು. ಹೆಸರು ಬದಲಿಸಿದರೆ ತೀರುವ ಸಾಲ ಇದಲ್ಲ.

ಹಲವರ ಬಾಯಲ್ಲಿ ಒಂದೇ ಕಥೆ ಹೇಳಿಸುವ ಈ ದಾರಿಯಲ್ಲೇ ಕನ್ನಡದಲ್ಲಿ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ'ಯನ್ನು 'ತಲ್ವಾರ್'ಗಿಂತ ಒಂದು ವರ್ಷ ಮೊದಲು, 2014ರಲ್ಲಿ, ಮಲ್ಪೆಯ ಕಡಲ ಬಿಸಿಲಿನಲ್ಲಿ ತೆಗೆದಿದ್ದರು. ಹೆಸರಿನಲ್ಲೇ ಅದೆಷ್ಟು ಎಚ್ಚರ ನೋಡಿ! ಚಿತ್ರಮಂದಿರದಲ್ಲಿ ಓಡಲಿಲ್ಲ, ಆಮೇಲೆ ತಲೆಯ ಮೇಲೆ ಹೊತ್ತರು. ಹಾಡೇ ಇಲ್ಲದ ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' (1989) ಬಗ್ಗೆಯೂ ಮಾತಾಡುವ ಆಸೆಯಿತ್ತು. ಅದಕ್ಕೆ ಬೇರೆ ಸಂಜೆಯೇ ಬೇಕು.

ಇನ್ನು ಈ ಸಭಾಂಗಣಕ್ಕೆ ತೀರ ಹತ್ತಿರದ್ದು. ಇಲ್ಲಿ ಬಂದವರಲ್ಲಿ ಆರ್.ಕೆ. ಪುರದವರು, ಮುನಿರ್ಕಾದವರು ಹಲವರಿದ್ದೀರಿ. ಮುನಿರ್ಕಾದ ಬಸ್ ಸ್ಟಾಪಿನಲ್ಲಿ ದಿನವೂ ನಿಲ್ಲುವವರಿದ್ದೀರಿ. 2012ರ ಡಿಸೆಂಬರ್ 16ರ ರಾತ್ರಿ ಓಡುವ ಬಸ್ಸಿನಲ್ಲಿ ನಡೆದ ಆ ಅತ್ಯಾಚಾರವನ್ನು ನಿಮಗೆ ನಾನು ನೆನಪಿಸಬೇಕಿಲ್ಲ. ರಿಚಿ ಮೆಹ್ತಾ 2019ರಲ್ಲಿ ಅದರ ತನಿಖೆಯನ್ನು ಏಳು ಕಂತುಗಳ 'ಡೆಲ್ಲಿ ಕ್ರೈಮ್' ಮಾಡಿದಾಗ ನಾನು ನೋಡಲು ಹೆದರಿ ಎರಡು ತಿಂಗಳು ಮುಂದೂಡಿದೆ. ಕೊನೆಗೆ ನೋಡಿದಾಗ ತಿಳಿಯಿತು, ಬಸ್ಸಿನೊಳಗೆ ನಡೆದದ್ದನ್ನು ಅವರು ತೋರಿಸುವುದೇ ಇಲ್ಲ. ಒಂದು ಚೂರೂ ಇಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಗಾಯಗಳನ್ನು ಒಂದೊಂದಾಗಿ ಹೇಳುತ್ತಾರೆ. ಕ್ಯಾಮೆರಾ ಡಿಸಿಪಿ ಪಾತ್ರದ ಶೆಫಾಲಿ ಶಾ ಮುಖ ಬಿಟ್ಟು ಕದಲುವುದಿಲ್ಲ. ಸಿನಿಮಾದವರು ಇದನ್ನು ರಿಯಾಕ್ಷನ್ ಶಾಟ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಒಗ್ಗರಣೆ. ನಡೆದದ್ದನ್ನು ತೋರಿಸಿ, ಆಮೇಲೆ ನೋಡಿದವರ ಮುಖ ತೋರಿಸುವುದು. ಇಲ್ಲಿ ಅಡುಗೆಯೇ ಅದು. ನಡೆದದ್ದು ಫ್ರೇಮಿನ ಹೊರಗೆ ಉಳಿಯಿತು, ಅದನ್ನು ಕೇಳಿದ ಮುಖ ಮಾತ್ರ ಒಳಗೆ. ಆ ಮುಖದಲ್ಲಿ ಅಳು ಬರುವುದಿಲ್ಲ. ಒಂದು ಸಲ ಗಂಟಲು ಇಳಿಯುತ್ತದೆ, ಅಷ್ಟೇ. 2020ರಲ್ಲಿ ಇದಕ್ಕೆ ಅತ್ಯುತ್ತಮ ಡ್ರಾಮಾ ಸರಣಿಯ ಅಂತಾರಾಷ್ಟ್ರೀಯ ಎಮ್ಮಿ ಬಂತು, ಭಾರತಕ್ಕೆ ಆ ವಿಭಾಗದಲ್ಲಿ ಮೊದಲನೆಯದು.

ಆ ತನಿಖೆಯಲ್ಲಿ ಬಸ್ಸು ಸಿಕ್ಕಿದ್ದು ಮಹಿಪಾಲಪುರದ ಹೋಟೆಲಿನ ಸಿಸಿಟಿವಿಯಿಂದ. ಬಿಳಿ ಬಸ್ಸು, ಮೈಮೇಲೆ 'ಯಾದವ್' ಎಂಬ ಬರಹ, ಮುಂದಿನ ಒಂದು ಚಕ್ರಕ್ಕೆ ಮುಚ್ಚಳವಿಲ್ಲ. ಅದೇ ಬಸ್ಸು ಅದೇ ದಾರಿಯಲ್ಲಿ ಎರಡು ಸಲ ಹಾದಿತ್ತು. ಸಂಕಲನಕಾರನ ಕಣ್ಣೆಂದರೆ ಇದು. ಯಾವುದೋ ಹೋಟೆಲಿನ ಅನಾಥ ಕ್ಯಾಮೆರಾ ಸುಮ್ಮನೆ ಬರೆದುಕೊಂಡದ್ದರಲ್ಲಿ ಮತ್ತೆ ಬಂದದ್ದು ಯಾವುದು ಎಂದು ಯಾರೋ ಪೇದೆ ಹಿಂದಕ್ಕೆ ಮುಂದಕ್ಕೆ ತಿರುಗಿಸಿ ಹಿಡಿದ.

ನಮ್ಮ ಬ್ಲಾಕಿನಲ್ಲಿ ಕಳೆದ ಚಳಿಗಾಲ ನನ್ನ ಸೈಕಲ್ ಕಳುವಾಯಿತು. ಕಾವಲುಗಾರ ಸಿಸಿಟಿವಿಯ ತುಣುಕು ತೋರಿಸಿದ. ದೀಪದಡಿಯಲ್ಲಿ, ಹಾಡುಹಗಲಿನಂತೆ, ಒಬ್ಬ ಬಂದು, ಬೀಗ ಅಲ್ಲಾಡಿಸಿ, ಸೈಕಲ್ ಹತ್ತಿ ಹೋದ. ಮೂರು ಮೂಲೆಯ ಮೂರು ಕ್ಯಾಮೆರಾ. ಮಂಕಿ ಟೋಪಿ ಬಿಟ್ಟರೆ ಏನೂ ಗುರುತಿಲ್ಲ. ಕಾವಲುಗಾರ ಐದು ಸಲ ತಿರುಗಿಸಿ ನೋಡಿ ಹೇಳಿದ: "ಬಾಬೂಜಿ, ಶಬ್ದ ಇದ್ದಿದ್ದರೆ ಹಿಡೀತಿದ್ದೆ. ಕೆಮ್ಮಿದರೆ ಸಾಕಿತ್ತು." ಈ ಮಾತನ್ನು ಇಟ್ಟುಕೊಂಡಿರಿ, ಮತ್ತೆ ಬರುತ್ತೇನೆ.

ತೋರಿಸದೆ ಇರುವುದು ಒಂದು ದಾರಿ. ಬಿಡದೆ ತೋರಿಸುವುದು ಇನ್ನೊಂದು. ಇವಾನ್ ಐಯರ್ ಅವರ 'ಸೋನಿ' (2018) ವೆನಿಸ್ ಉತ್ಸವದಲ್ಲಿ ಮೊದಲು ಕಂಡಿತು. ದಿಲ್ಲಿ ಪೊಲೀಸಿನ ಇಬ್ಬರು ಹೆಂಗಸರ ಕಥೆ, ಗೀತಿಕಾ ವಿದ್ಯಾ ಓಹ್ಲ್ಯಾನ್ ಸೋನಿ, ಸಲೋನಿ ಬಾತ್ರಾ ಮೇಲಧಿಕಾರಿ ಕಲ್ಪನಾ. ಒಂದು ದೃಶ್ಯಕ್ಕೆ ಒಂದೇ ಶಾಟ್. ನಡುವೆ ಕಟ್ ಇಲ್ಲ. ಮೊದಲ ಶಾಟ್ ನೋಡಿ. ರಾತ್ರಿ ರಸ್ತೆ, ಸೋನಿ ಸೈಕಲ್ ತುಳಿಯುತ್ತಿದ್ದಾಳೆ. ಒಬ್ಬ ಪಕ್ಕದಲ್ಲಿ ಸೈಕಲ್ ಮೇಲೆ ಬಂದು ಹೊಲಸು ಮಾತಾಡುತ್ತಾನೆ. ಅವಳು ತುಳಿಯುತ್ತಲೇ ಇದ್ದಾಳೆ. ಅವನೂ ಬಿಡನು. ಅವಳು ಓಣಿಗೆ ತಿರುಗುತ್ತಾಳೆ, ಅವನು ಹಿಂದೆಯೇ. ಕ್ಯಾಮೆರಾ ಇಬ್ಬರ ಹಿಂದೆ. ಇಲ್ಲಿಯತನಕ ನಾವು ನೋಡಿರುವ ಎಲ್ಲ ಸಿನಿಮಾಗಳೂ ಈಗ ಕಟ್ ಮಾಡಿ ಅವಳ ಹೆದರಿದ ಕಣ್ಣು ತೋರಿಸುತ್ತಿದ್ದವು. ಇದು ತೋರಿಸುವುದಿಲ್ಲ. ತಟ್ಟನೆ ಹೊಡೆತ. ಹೊಡೆಯುತ್ತಿರುವವಳು ಅವಳು! ಹೊಡೆಯುತ್ತಲೇ ಇದ್ದಾಳೆ, ಕರ್ತವ್ಯದ ಗಡಿ ದಾಟಿ ಹೊಡೆಯುತ್ತಿದ್ದಾಳೆ. ಆಮೇಲೆ ತಂಡ ಬಂದು ಬಿಡಿಸುತ್ತದೆ, ಇದು ಪೊಲೀಸರೇ ಇಟ್ಟ ಬೋನು ಎಂದು ಆಗ ತಿಳಿಯುತ್ತದೆ.

ಕಟ್ ಎಂದರೆ ನೋಡುಗನಿಗೆ ಕೊಡುವ ಬಿಡುವು. ಹಿಚ್‌ಕಾಕ್ 'ಸೈಕೊ'ದ (1960) ಸ್ನಾನದ ಮನೆಯ ಕೊಲೆಯನ್ನು ಏಳು ದಿನ ಚಿತ್ರಿಸಿ ಮುಕ್ಕಾಲು ನಿಮಿಷದೊಳಗೆ ಕೊಚ್ಚಿ ತುಂಬಿದರು. ಚೂರುಗಳ ವೇಗದಲ್ಲಿ ಏನೂ ಸರಿಯಾಗಿ ಕಾಣದೆ ಎಲ್ಲ ಕಂಡಂತಾಯಿತು. 'ಸೋನಿ'ಯಲ್ಲಿ ಎಲ್ಲ ಕಾಣುತ್ತದೆ, ಮುಂದೇನು ಎಂಬುದೊಂದು ಕಾಣುವುದಿಲ್ಲ. ದಿಲ್ಲಿಯಲ್ಲಿ ರಾತ್ರಿ ನಡೆದುಹೋಗುವ ಹೆಂಗಸಿಗೆ ಕಟ್ ಇಲ್ಲ. ಬಸ್ ಸ್ಟಾಪಿನಿಂದ ಮನೆಯ ಬಾಗಿಲಿನ ತನಕ ಅದೊಂದೇ ಶಾಟ್. ಇದನ್ನು ನನಗೆ ಹೇಳಿದ್ದು ನನ್ನ ಮಗಳು, ಚಿತ್ರ ಮುಗಿದು ಬಹಳ ಹೊತ್ತಾದ ಮೇಲೆ. ಹಳೆಯ ಕಾಲದಲ್ಲಿ ಇಂಥದ್ದಕ್ಕೆ ಫಿಲ್ಮಿನ ಸುರುಳಿಯೇ ಅಡ್ಡಿ. ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. 'ರೋಪ್' (1948) ಮಾಡುವಾಗ ಹಿಚ್‌ಕಾಕ್ ಪಾತ್ರಗಳ ಬೆನ್ನಿಗೆ ಕ್ಯಾಮೆರಾ ಒತ್ತಿ ಸುರುಳಿ ಬದಲಿಸಿದರು. ಡಿಜಿಟಲ್ ಬಂದ ಮೇಲೆ ಆ ಕಟ್ಟು ಕಳಚಿತು. ಕಟ್ಟು ಕಳಚಿದೊಡನೆ ಲಾಂಗ್ ಟೇಕ್ ಕಸರತ್ತಾಯಿತು, ನೋಡಿ ನಾನು ಎಷ್ಟುದ್ದ ತೆಗೆದೆ ಎಂಬ ಜಂಬ. 'ಸೋನಿ'ಯಲ್ಲಿ ಜಂಬವಿಲ್ಲ. ಎರಡನೆಯ ಸಲ ನೋಡುವ ತನಕ ನಾನೂ ಎಣಿಸಿರಲಿಲ್ಲ.

ಈಗ ಆ ಕೆಮ್ಮಿಗೆ ಬರೋಣ.

1931ರಲ್ಲಿ ಫ್ರಿಟ್ಸ್ ಲಾಂಗ್ 'ಎಂ' ತೆಗೆದಾಗ ಸಿನಿಮಾಕ್ಕೆ ಮಾತು ಬಂದು ನಾಲ್ಕೈದು ವರ್ಷವಷ್ಟೇ. ಮಕ್ಕಳ ಕೊಲೆಗಾರ ಒಂದು ರಾಗ ಸಿಳ್ಳೆ ಹಾಕುತ್ತಾನೆ. 'ಪೇರ್ ಗಿಂಟ್' ನಾಟಕಕ್ಕೆ ಗ್ರೀಗ್ ಕಟ್ಟಿದ್ದು. ಬಲೂನು ಮಾರುವ ಕುರುಡನೊಬ್ಬ ಆ ಸಿಳ್ಳೆಯಿಂದಲೇ ಅವನ ಗುರುತು ಹಿಡಿಯುತ್ತಾನೆ. ಇಡೀ ಊರಿನ ಕಣ್ಣುಗಳು ಸೋತಲ್ಲಿ ಕುರುಡನ ಕಿವಿ ಗೆದ್ದಿತು. ನಟ ಪೀಟರ್ ಲೋರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ, ಲಾಂಗರೇ ಹಾಕಿದರು. 'ಸೈಕೊ'ದಲ್ಲೂ ಚಾಕು ಇಳಿದ ಸದ್ದು ಮೈಯದಲ್ಲ, ಕರಬೂಜದ ಜಾತಿಯ ಒಂದು ಹಣ್ಣಿನದು. ಬೆಳಕು ಹೆಚ್ಚಾದಲ್ಲಿ ಕತ್ತಲು ಕಿವಿಯೊಳಗೆ ಇಳಿಯುತ್ತದೆ ಎಂದು ನನಗೆ ಖಾತರಿಯಾದದ್ದು ಕನು ಬೆಹ್ಲ್ ಅವರ 'ತಿತ್ಲಿ' ನೋಡಿದಾಗ.

ಕನು 'ಓಯ್ ಲಕ್ಕಿ'ಯಲ್ಲಿ ದಿಬಾಕರ್ ಅವರ ಸಹಾಯಕರಾಗಿದ್ದವರು. ಅವರ ಮೊದಲ ಚಿತ್ರ 2014ರಲ್ಲಿ ಕಾನ್ ಉತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗಕ್ಕೆ ಹೋಯಿತು, ಮರುವರ್ಷ ನಮ್ಮಲ್ಲಿ ಬಿಡುಗಡೆಯಾಯಿತು. ಯಮುನೆಯಾಚೆಯ ಇಕ್ಕಟ್ಟಿನ ಮನೆ, ಒಬ್ಬ ಅಪ್ಪ, ಮೂವರು ಅಣ್ಣತಮ್ಮಂದಿರು, ಕುಲಕಸುಬು ಕಾರು ಸುಲಿಗೆ. ಅಪ್ಪನ ಪಾತ್ರ ಕನು ಅವರ ಸ್ವಂತ ತಂದೆ ಲಲಿತ್ ಬೆಹ್ಲ್ ಅವರದು. ಕಿರಿಯವನು ತಿತ್ಲಿ, ಅಂದರೆ ಚಿಟ್ಟೆ. ಅವನ ಕನಸು ಕಟ್ಟುತ್ತಿರುವ ಮಾಲೊಂದರ ಪಾರ್ಕಿಂಗ್ ಜಾಗ ಹಿಡಿಯುವುದು. ಇದಕ್ಕಿಂತ ಈ ಸೀಮೆಯ ಕನಸು ಇನ್ನೊಂದಿರಲಾರದು. ಸಿದ್ಧಾರ್ಥ ದೀವಾನ್ ಇದನ್ನು ಸೂಪರ್ 16 ಫಿಲ್ಮಿನಲ್ಲಿ ತೆಗೆದರು. ಡಿಜಿಟಲ್ಲಿನ ನುಣುಪು ಬಿಟ್ಟು ಮರಳು ಮರಳಾದ ಚಿಕ್ಕ ಫಿಲ್ಮು; ಗೋಡೆಯ ಸುಣ್ಣ ಉದುರುವುದು ನಮ್ಮ ಕೈಗೆ ತಾಕುತ್ತದೆ.

ಸುತ್ತಿಗೆಯ ಹಿಂಸೆ ಅದರಲ್ಲಿದೆ, ಬೇಕಾದಷ್ಟಿದೆ. ಒಂದು ಕಡೆ ತಿತ್ಲಿ ಹೆಂಡತಿ ನೀಲುವಿನ ಕೈ ಮುರಿಯುತ್ತಾನೆ. ಅಣ್ಣಂದಿರು ಅವಳ ಬ್ಯಾಂಕು ಠೇವಣಿಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬಾರದೆಂದು. ಮೊದಲು ನೋವು ತಿಳಿಯದ ಸೂಜಿ, ಆಮೇಲೆ ಸುತ್ತಿಗೆ. ಪ್ರೀತಿಗೆ ಅಷ್ಟು ಹತ್ತಿರದ ಕ್ರೌರ್ಯ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನನ್ನೊಳಗೆ ಉಳಿದದ್ದು ಸುತ್ತಿಗೆಯ ಸದ್ದಲ್ಲ. ಬೆಳಿಗ್ಗೆ ಆ ಮನೆಯ ಗಂಡಸರು ಹಲ್ಲುಜ್ಜುವ ಸದ್ದು. ನಾಲಿಗೆ ಕೆರೆಯುವುದು, ಗಂಟಲ ಆಳದಿಂದ ಎಳೆದು ಕ್ಯಾಕರಿಸುವುದು, ಓಕರಿಸುವುದು, ಉಗಿಯುವುದು. ಅಪ್ಪ ಒಮ್ಮೆ, ಅಣ್ಣ ಒಮ್ಮೆ, ಮತ್ತೊಮ್ಮೆ. ಕಥೆಗೆ ಬೇಡದಷ್ಟು ಹೊತ್ತು. ಒಂದು ರಕ್ತ, ಒಂದು ಗಂಟಲು, ಒಂದೇ ಸದ್ದು. ದಿಬಾಕರ್ ಮೂರು ಪಾತ್ರಕ್ಕೆ ಒಂದೇ ಮುಖ ಕೊಟ್ಟು ಹೇಳಿದ್ದನ್ನು ಶಿಷ್ಯ ಒಂದೇ ಸದ್ದಿನಲ್ಲಿ ಹೇಳಿದ. ಕೊನೆಯ ಹೊತ್ತಿಗೆ ತಿತ್ಲಿ ರಸ್ತೆ ಬದಿಯಲ್ಲಿ ಬಗ್ಗಿ ವಾಂತಿ ಮಾಡುತ್ತಾನೆ. ಆ ಮನೆಯನ್ನೆಲ್ಲ ಕಾರಿಕೊಂಡು, ಮುಖ ಒರೆಸಿಕೊಂಡು, ನೀಲುವಿನ ಮನೆಯತ್ತ ಹೋಗುತ್ತಾನೆ.

ಆ ರಾತ್ರಿ ಚಿತ್ರ ನೋಡಿ ತಡವಾಗಿ ಮಲಗಿದೆ. ನಮ್ಮ ಫ್ಲ್ಯಾಟುಗಳಲ್ಲಿ ಬಚ್ಚಲುಗಳನ್ನೆಲ್ಲ ಮೇಲಿಂದ ಕೆಳತನಕ ಒಂದೇ ಗಾಳಿಗೂಡಿಗೆ ಜೋಡಿಸಿರುತ್ತಾರೆ, ನಿಮಗೂ ಗೊತ್ತು. ಬೆಳಿಗ್ಗೆ ಆರಕ್ಕೆ ಮೇಲಿನ ಮಹಡಿಯವರು ಎಂದಿನಂತೆ ಕ್ಯಾಕರಿಸಿದರು. ಹನ್ನೊಂದು ವರ್ಷದಿಂದ ಕೇಳುತ್ತಿರುವ ಸದ್ದು. ದೀಪಾವಳಿಗೆ ಸಿಹಿ ಕೊಟ್ಟು ಹೋಗುವ ಸಜ್ಜನರು. ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ, ಎಲ್ಲ ದೀಪಗಳೂ ಉರಿಯುತ್ತಿದ್ದವು.